ಶರಣಾಗತಿಯ ಮರುದಿನದಿಂದ: ಅಮೆರಿಕದ ಅಂತರ್ಯುದ್ಧದ ಕೆಲವು ಬದುಕುಗಳು



ಅಮೆರಿಕದ ಅಂತರ್ಯುದ್ಧದ ಪ್ರಮುಖರು ಯಾರು ಎಂದು ಕೇಳಿದರೆ ಹೆಚ್ಚುಕಡಿಮೆ ಸಿದ್ಧವಾದ ಪಟ್ಟಿಯೇ ನಮ್ಮ ನಾಲಗೆಗೆ ಬರುತ್ತದೆ. ಒಕ್ಕೂಟದ ಕಡೆಗೆ ಲಿಂಕನ್, ಗ್ರಾಂಟ್, ಶರ್ಮನ್. ಸಿಡಿದು ಹೋದ ದಕ್ಷಿಣದ ಕಡೆಗೆ ಜೆಫರ್ಸನ್ ಡೇವಿಸ್, ಸ್ಟೋನ್‌ವಾಲ್ ಜ್ಯಾಕ್ಸನ್, ಎಲ್ಲಕ್ಕೂ ಮಿಗಿಲಾಗಿ ರಾಬರ್ಟ್ ಲೀ. 1861ರ ಏಪ್ರಿಲ್‌ನಲ್ಲಿ ಚಾರ್ಲ್‌ಸ್ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿದಲ್ಲಿಂದ ಇವರ ಕಥೆ ಆರಂಭ. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಾಕ್ಸ್ ಎಂಬ ಸಣ್ಣ ಊರಿನ ಮನೆಯೊಂದರ ಪಡಸಾಲೆಯಲ್ಲಿ ಲೀ ಶರಣಾದಲ್ಲಿಗೆ ಮಂಗಳ. ನಡುವೆ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು, ಸುಮಾರು 40 ಲಕ್ಷ ಗುಲಾಮರಿಗೆ ಬಿಡುಗಡೆಯಾಯಿತು. ಈ ಚೌಕಟ್ಟನ್ನೇ ನಾನು ಪ್ರಶ್ನಿಸಬೇಕೆಂದಿದ್ದೇನೆ. ಯುದ್ಧ ಏನನ್ನು ತೀರ್ಮಾನಿಸಿತು ಎಂಬುದು ರಣರಂಗದಲ್ಲಿ ನಿರ್ಧಾರವಾಗಲಿಲ್ಲ, ಆಮೇಲಿನ ಮೂವತ್ತು ವರ್ಷಗಳಲ್ಲಿ ಆಯಿತು. ಹಾಗಾಗಿ ಈ ಯುದ್ಧದ ವ್ಯಕ್ತಿಗಳನ್ನು ತೂಗಬೇಕಾದದ್ದು ಆ ಮೂವತ್ತು ವರ್ಷಗಳಲ್ಲಿ ಅವರು ಯಾರ ಪಕ್ಕದಲ್ಲಿ ನಿಂತರು ಎಂಬುದರಿಂದ. ಹಾಗೆ ತೂಗಿದರೆ ಸಿದ್ಧ ಪಟ್ಟಿಯ ಹೆಸರುಗಳು ಸ್ಥಾನ ಬದಲಿಸುತ್ತವೆ. ಆ ಪಟ್ಟಿ ಸಿದ್ಧವಾದದ್ದೇ ಜೀವನಚರಿತ್ರೆಗಳನ್ನು 1865ಕ್ಕೆ ಕತ್ತರಿಸಿದವರ ಕೈಯಿಂದ.

ಕತ್ತರಿ ಹೇಗೆ ಆಡಿತು ಎಂಬುದಕ್ಕೆ ಅಲೆಗ್ಸಾಂಡರ್ ಸ್ಟೀಫನ್ಸ್ ಒಬ್ಬನನ್ನು ನೋಡಿದರೆ ಸಾಕು. ಆತ ದಕ್ಷಿಣದ ಕಾನ್ಫೆಡರಸಿಯ ಉಪಾಧ್ಯಕ್ಷ. 1861ರ ಮಾರ್ಚ್‌ನಲ್ಲಿ ಜಾರ್ಜಿಯಾದ ಸವಾನಾ ನಗರದಲ್ಲಿ ತುಂಬಿದ ಸಭೆಯ ಮುಂದೆ ಆತ ಮುಚ್ಚುಮರೆಯಿಲ್ಲದೆ ಹೇಳಿದ: ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ, ಗುಲಾಮಗಿರಿಯೇ ಅವನ ಸಹಜ ಸ್ಥಿತಿ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಈ ಸತ್ಯವೇ ಎಂದು. ಮಿಸಿಸಿಪ್ಪಿ ರಾಜ್ಯ ಒಕ್ಕೂಟ ಬಿಡುವಾಗ ಹೊರಡಿಸಿದ ಘೋಷಣೆಯಲ್ಲೂ ಗುಲಾಮಗಿರಿಯೇ ಕಾರಣವೆಂದು ಮೊದಲ ಸಾಲುಗಳಲ್ಲೇ ಇದೆ. ಯುದ್ಧ ಸೋತ ಮೇಲೆ, 1868ರಿಂದ 1870ರ ಅವಧಿಯಲ್ಲಿ, ಇದೇ ಸ್ಟೀಫನ್ಸ್ ಎರಡು ದಪ್ಪ ಸಂಪುಟಗಳನ್ನು ಬರೆದು, ಜಗಳ ನಡೆದದ್ದು ಗುಲಾಮಗಿರಿಗಾಗಿ ಅಲ್ಲವೇ ಅಲ್ಲ, ಸಂವಿಧಾನ ರಾಜ್ಯಗಳಿಗೆ ಕೊಟ್ಟ ಹಕ್ಕುಗಳಿಗಾಗಿ ಎಂದು ವಾದಿಸಿದ. ಏಳೆಂಟು ವರ್ಷಗಳ ಅಂತರದಲ್ಲಿ ಒಬ್ಬನೇ ಮನುಷ್ಯ ಕೊಟ್ಟ ಎರಡು ಹೇಳಿಕೆಗಳಿವು. ಮೊದಲನೆಯದನ್ನು ಗೆಲ್ಲುವ ಭರವಸೆಯಲ್ಲಿ ಹೇಳಿದ್ದ, ಎರಡನೆಯದು ಸೋತ ಮೇಲೆ ಬಂದದ್ದು. ಇತಿಹಾಸ ಬಲ್ಲವರು ಮೊದಲನೆಯದನ್ನು ನಂಬಬೇಕು. ದಕ್ಷಿಣದ ಶಾಲೆಗಳಲ್ಲಿ ಮಾತ್ರ ಎರಡನೆಯದನ್ನೇ ತಲೆಮಾರುಗಟ್ಟಲೆ ಪಾಠ ಮಾಡಿದರು.

ಈ ಹೊಸ ಕಥನಕ್ಕೆ ಒಬ್ಬ ನಾಯಕ ಬೇಕಿತ್ತು. ಅದಕ್ಕೆ ಲೀ ಒದಗಿದ. 1807ರಲ್ಲಿ ವರ್ಜೀನಿಯಾದ ಹಳೆಯ ಮನೆತನದಲ್ಲಿ ಹುಟ್ಟಿದವನು, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ತರಗತಿಗೆ ಎರಡನೆಯವನಾಗಿ ಪಾಸಾದವನು, ಜಾರ್ಜ್ ವಾಷಿಂಗ್ಟನ್‌ನ ಬಳಗದ ಅಳಿಯ, ಸೌಮ್ಯ ಮಾತಿನ ಗಂಭೀರ ಮನುಷ್ಯ. ಗುಲಾಮಗಿರಿಯನ್ನು ಒಳಗೊಳಗೇ ದ್ವೇಷಿಸುತ್ತಿದ್ದ, ತಾಯ್ನಾಡಿನ ಮೇಲಿನ ಪ್ರೀತಿಯಿಂದ ಮಾತ್ರ ಕತ್ತಿ ಹಿಡಿದ ಎಂಬುದು ಅವನ ಬಗ್ಗೆ ಹಬ್ಬಿದ ಮಾತು. ದಾಖಲೆ ಬೇರೆ ಹೇಳುತ್ತದೆ. ಅವನ ಮಾವ 1857ರಲ್ಲಿ ತೀರಿಕೊಂಡಾಗ ಆರ್ಲಿಂಗ್ಟನ್ ಎಸ್ಟೇಟಿನ ಗುಲಾಮರನ್ನು ಐದು ವರ್ಷದೊಳಗೆ ಬಿಡುಗಡೆ ಮಾಡಬೇಕೆಂದು ಉಯಿಲು ಬರೆದಿದ್ದ. ಉಯಿಲಿನ ಹೊಣೆ ಹೊತ್ತ ಲೀ ಆ ಗುಲಾಮರನ್ನು ಕೊನೆಯವರೆಗೂ ದುಡಿಸಿಕೊಂಡ. ಬಿಡುಗಡೆ ಪತ್ರ ಸಲ್ಲಿಸಿದ್ದು 1862ರ ಡಿಸೆಂಬರ್ ಕೊನೆಯಲ್ಲಿ. ಲೀಯ ಮಾವ ಸತ್ತಾಗಲೇ ತಮಗೆ ಬಿಡುಗಡೆಯಾಯಿತೆಂದು ನಂಬಿದ್ದ ವೆಸ್ಲಿ ನಾರಿಸ್ ಎಂಬಾತ, ಸಹೋದರಿ ಮತ್ತು ಸಂಬಂಧಿಯೊಬ್ಬನ ಜೊತೆ 1859ರಲ್ಲಿ ಓಡಿಹೋಗಿ ಸಿಕ್ಕಿಬಿದ್ದ. ಲೀಯ ಅಪ್ಪಣೆಯಂತೆ ತಮ್ಮನ್ನು ಕಟ್ಟಿ ಚಾಟಿಯಿಂದ ಹೊಡೆದರು, ಗಾಯದ ಬೆನ್ನನ್ನು ಉಪ್ಪುನೀರಿನಿಂದ ತೊಳೆಸಿದರು ಎಂದು ಆತ ಕೊಟ್ಟ ಹೇಳಿಕೆ 1866ರಲ್ಲಿ ಅಚ್ಚಾಯಿತು. ಲೀಯ ಅಭಿಮಾನಿ ಚರಿತ್ರೆಕಾರರು ಅದನ್ನು ವಿರೋಧಿಗಳ ಕಟ್ಟುಕಥೆ ಎಂದು ತಳ್ಳಿಹಾಕಿದರು. ಲೀ ಕುಟುಂಬದ ಕಾಗದಪತ್ರಗಳನ್ನು ಶೋಧಿಸಿ 2007ರಲ್ಲಿ ಅವನ ಚರಿತ್ರೆ ಪ್ರಕಟಿಸಿದ ಎಲಿಜಬೆತ್ ಬ್ರೌನ್ ಪ್ರಯರ್, ನಾರಿಸ್‌ನ ವಿವರಗಳು ಉಳಿದ ದಾಖಲೆಗಳಿಗೆ ಹೊಂದುತ್ತವೆ ಎಂದು ತೋರಿಸಿದರು. ನ್ಯಾಯವಾಗಿ ಹೇಳಬೇಕೆಂದರೆ, ಶರಣಾದ ಮೇಲೆ ಲೀ ಗೆರಿಲ್ಲಾ ಹೋರಾಟಕ್ಕೆ ಕುಮ್ಮಕ್ಕು ಕೊಡಲಿಲ್ಲ. ಲೆಕ್ಸಿಂಗ್ಟನ್ನಿನ ಕಾಲೇಜೊಂದರ ಅಧ್ಯಕ್ಷನಾಗಿ ಶಾಂತವಾಗಿ ಕೆಲಸ ಮಾಡಿದ, ಯುದ್ಧದ ಸ್ಮಾರಕಗಳು ಬೇಡವೆಂದ. ಆದರೆ 1866ರ ಫೆಬ್ರುವರಿಯಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಸಾಕ್ಷಿ ಹೇಳುವಾಗ, ಕಪ್ಪು ಜನರಿಗೆ ತಿಳಿವಳಿಕೆಯಿಂದ ಮತ ಹಾಕುವ ಶಕ್ತಿ ಸದ್ಯಕ್ಕಿಲ್ಲ, ಅವರು ವರ್ಜೀನಿಯಾದಿಂದ ಹೊರಟುಹೋದರೆ ರಾಜ್ಯಕ್ಕೇ ಒಳ್ಳೆಯದು ಎಂದ. ಅವರ ಕೈಗೆ ರಾಜಕೀಯ ಅಧಿಕಾರ ಹೋಗಬಾರದೆಂಬ ಪತ್ರಕ್ಕೆ 1868ರಲ್ಲಿ ಸಹಿ ಹಾಕಿದ. 1870ರಲ್ಲಿ ತೀರಿಕೊಂಡ. ಸಂತಪಟ್ಟ ಕಟ್ಟುವ ಕೆಲಸ ಅಲ್ಲಿಂದ ಆರಂಭವಾಯಿತು.

ಸಂತನಿದ್ದಲ್ಲಿ ದ್ರೋಹಿಯೂ ಬೇಕು. ಲೀ ತಪ್ಪೇ ಮಾಡದವನಾದರೆ ಗೆಟಿಸ್‌ಬರ್ಗ್ ಕಾಳಗ ಸೋತದ್ದು ಯಾರಿಂದ? ಉತ್ತರವಾಗಿ ಸಿಕ್ಕವನು ಜೇಮ್ಸ್ ಲಾಂಗ್‌ಸ್ಟ್ರೀಟ್. ಇವನ ಬದುಕಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ವಾದದ ಹೆಚ್ಚಿನ ಭಾರ ಇಲ್ಲಿದೆ. 1821ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿ ಜಾರ್ಜಿಯಾದಲ್ಲಿ ಬೆಳೆದ ಲಾಂಗ್‌ಸ್ಟ್ರೀಟ್ ಲೀಯ ಬಲಗೈಯಾಗಿದ್ದ. ತನ್ನ ಹಳೆಯ ಯುದ್ಧಾಶ್ವವೆಂದು ಲೀ ಅವನನ್ನು ಕರೆದದ್ದುಂಟು. 1863ರ ಜುಲೈ ಮೊದಲ ಮೂರು ದಿನ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು. ದಿಬ್ಬದ ಮೇಲೆ ಭದ್ರವಾಗಿ ಕುಳಿತ ಶತ್ರುವಿನ ಮೇಲೆ ಎದುರಿನಿಂದ ಬೀಳುವುದು ಬೇಡ, ಸುತ್ತುಹಾಕಿ ಹೋಗೋಣ ಎಂದು ಲಾಂಗ್‌ಸ್ಟ್ರೀಟ್ ಹೇಳಿದ. ಲೀ ಒಪ್ಪಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬಯಲಿನಲ್ಲಿ ಮುನ್ನುಗ್ಗಿದ 12 ಸಾವಿರಕ್ಕೂ ಹೆಚ್ಚು ಸೈನಿಕರಲ್ಲಿ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಮರಳಿ ಬಂದವರನ್ನು ಎದುರುಗೊಂಡ ಲೀ, ತಪ್ಪು ತನ್ನದೇ ಎಂದ. ಬದುಕಿರುವವರೆಗೆ ಅವನು ಲಾಂಗ್‌ಸ್ಟ್ರೀಟನನ್ನು ಬಹಿರಂಗವಾಗಿ ದೂರಿದ್ದಿಲ್ಲ.

ಯುದ್ಧ ಮುಗಿದ ಮೇಲೆ ಲಾಂಗ್‌ಸ್ಟ್ರೀಟ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಹತ್ತಿ ದಲ್ಲಾಳಿ ವ್ಯಾಪಾರಕ್ಕೂ ವಿಮೆ ವ್ಯವಹಾರಕ್ಕೂ ಇಳಿದ. 1867ರಲ್ಲಿ ಕಾಂಗ್ರೆಸ್ಸು ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಗಂಡಸರಿಗೂ ಮತ ಕೊಟ್ಟು ಹೊಸ ಸರ್ಕಾರಗಳನ್ನು ರಚಿಸಬೇಕೆಂದು ಕಾನೂನು ಮಾಡಿತು. ನಾವು ಸೋತಿದ್ದೇವೆ, ಗೆದ್ದವರ ಕಾನೂನಿಗೆ ಒಪ್ಪಿ ನಡೆಯೋಣ ಎಂದು ಲಾಂಗ್‌ಸ್ಟ್ರೀಟ್ ಪತ್ರಿಕೆಗಳಿಗೆ ಬರೆದ. ಅಷ್ಟಕ್ಕೇ ಗೆಳೆಯರು ದೂರವಾದರು, ವ್ಯಾಪಾರ ಬಿತ್ತು. ಆತ ಲಿಂಕನ್ನನ ರಿಪಬ್ಲಿಕನ್ ಪಕ್ಷ ಸೇರಿದ. ಹಳೆಯ ಸ್ನೇಹಿತ ಗ್ರಾಂಟ್ ಅಧ್ಯಕ್ಷನಾದ ಮೇಲೆ 1869ರಲ್ಲಿ ಬಂದರಿನ ಸುಂಕದ ಕಚೇರಿಯಲ್ಲಿ ಹುದ್ದೆ ಕೊಟ್ಟ. ಆಮೇಲೆ ಬಂದದ್ದು 1874ರ ಸೆಪ್ಟೆಂಬರ್ 14. ಲೂಸಿಯಾನಾದ ಚುನಾಯಿತ ಸರ್ಕಾರವನ್ನು ಉರುಳಿಸಲು ವೈಟ್ ಲೀಗ್ ಎಂಬ ಬಿಳಿಯರ ಸಶಸ್ತ್ರ ಪಡೆ ನ್ಯೂ ಆರ್ಲಿಯನ್ಸ್‌ನ ಕೆನಾಲ್ ಸ್ಟ್ರೀಟಿಗೆ ಇಳಿಯಿತು. ಅದರಲ್ಲಿ ಲಾಂಗ್‌ಸ್ಟ್ರೀಟ್‌ನ ಜೊತೆ ಹೋರಾಡಿದ ಹಳೆಯ ಸೈನಿಕರೇ ಬೇಕಾದಷ್ಟಿದ್ದರು. ಅವರಿಗೆ ಎದುರಾಗಿ ನಿಂತದ್ದು ನಗರದ ಪೊಲೀಸರು ಮತ್ತು ಬಹುಪಾಲು ಕಪ್ಪು ಜನರಿದ್ದ ರಾಜ್ಯದ ಸೇನೆ. ಅದರ ಮುಂದೆ ಕುದುರೆಯ ಮೇಲಿದ್ದವನು ಲೀಯ ಯುದ್ಧಾಶ್ವ. ಆ ಸಂಜೆ ಅವನ ಪಡೆ ಸೋತಿತು. ಆತ ಗುಂಡಿನ ಪೆಟ್ಟು ತಿಂದು ಸೆರೆಯಾದ. ಕೆಲವೇ ದಿನಗಳಲ್ಲಿ ಗ್ರಾಂಟ್ ಒಕ್ಕೂಟದ ಸೈನ್ಯ ಕಳಿಸಿ ಸರ್ಕಾರವನ್ನು ಮತ್ತೆ ಕೂರಿಸಬೇಕಾಯಿತು. ಹನ್ನೊಂದು ವರ್ಷ ಹಿಂದೆ ಗುಲಾಮರ ಒಡೆಯರ ರಾಜ್ಯಕ್ಕಾಗಿ ಹೋರಾಡಿದ್ದ ಈ ಮನುಷ್ಯ ಈಗ ಹಳೆಯ ಗುಲಾಮರ ಮತಪೆಟ್ಟಿಗೆಗಾಗಿ ಪ್ರಾಣ ಒಡ್ಡಿದ. ಆ ಯುದ್ಧದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪರಿವರ್ತನೆ ನನಗೆ ಕಾಣುವುದಿಲ್ಲ. ಅದಕ್ಕೇ ದಕ್ಷಿಣ ಅವನನ್ನು ಕ್ಷಮಿಸಲಿಲ್ಲ.

ಗೆಟಿಸ್‌ಬರ್ಗ್ ಸೋತದ್ದು ಲಾಂಗ್‌ಸ್ಟ್ರೀಟನ ವಿಳಂಬದಿಂದ ಎಂಬ ಆರೋಪ ಯಾವಾಗ ಹುಟ್ಟಿತೆಂದು ನೋಡಿ. 1872ರ ಜನವರಿ 19, ಲೀಯ ಹುಟ್ಟುಹಬ್ಬ. ಆರೋಪ ಹೊರಿಸಿದವನು ಜೂಬಲ್ ಅರ್ಲಿ, ಗೆಟಿಸ್‌ಬರ್ಗ್‌ನ ಮೊದಲ ದಿನ ಮುಖ್ಯ ದಿಬ್ಬ ಕೈತಪ್ಪಿದಾಗ ಆ ಭಾಗದಲ್ಲೇ ಇದ್ದ ಸೇನಾಧಿಕಾರಿ, 1865ರ ಮಾರ್ಚ್‌ನಲ್ಲಿ ಸ್ವತಃ ಲೀಯಿಂದ ಅಧಿಕಾರ ಕಳೆದುಕೊಂಡವನು. ಮರುವರ್ಷ ಪಾದ್ರಿ ವಿಲಿಯಂ ಪೆಂಡಲ್‌ಟನ್, ಸೂರ್ಯೋದಯಕ್ಕೇ ಆಕ್ರಮಣ ಮಾಡಲು ಲೀ ಅಪ್ಪಣೆ ಕೊಟ್ಟಿದ್ದ, ಲಾಂಗ್‌ಸ್ಟ್ರೀಟ್ ಕೇಳಲಿಲ್ಲ ಎಂದು ಸೇರಿಸಿದ. ಲಾಂಗ್‌ಸ್ಟ್ರೀಟ್ ಲೀಯ ಆಪ್ತ ಅಧಿಕಾರಿಗಳಿಗೆ ಪತ್ರ ಬರೆದು ವಿಚಾರಿಸಿದ. ಅಂಥ ಅಪ್ಪಣೆ ತಮಗೆ ಗೊತ್ತಿಲ್ಲವೆಂದು ಅವರು ಉತ್ತರಿಸಿದರು. ಯುದ್ಧ ಮುಗಿದು ಏಳು ವರ್ಷ ಯಾರ ಬಾಯಲ್ಲೂ ಬರದ ಆಪಾದನೆ ಅವನು ಪಕ್ಷ ಬದಲಿಸಿದ ಮೇಲೆ ಬಂತು, ಉತ್ತರ ಹೇಳಬಲ್ಲ ಲೀ ಸತ್ತ ಮೇಲೆ ಬಂತು. ಇಷ್ಟು ಸಾಕು, ಅದರ ಬೇರು ಎಲ್ಲಿದೆ ಎಂದು ತಿಳಿಯಲು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಲಾಂಗ್‌ಸ್ಟ್ರೀಟ್ ಅವಕಾಶವಾದಿ, ಹುದ್ದೆಗಾಗಿ ಗೆದ್ದವರ ಬಾಲ ಹಿಡಿದ ಎಂಬುದು. ಅವನ 1867ರ ಪತ್ರಗಳನ್ನು ಓದಿದರೆ ಈ ಮಾತಿಗೆ ಆಧಾರವೂ ಸಿಗುತ್ತದೆ. ನಾವು ಸಹಕರಿಸಿದರೆ ಕಪ್ಪು ಜನರ ಮತವನ್ನು ನಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂಬ ಲೆಕ್ಕಾಚಾರ ಅವುಗಳಲ್ಲಿದೆ, ಸಮಾನತೆಯ ಸಂದೇಶವಿಲ್ಲ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಸ್ವಾರ್ಥದ ಲೆಕ್ಕ ಎಲ್ಲಿಯವರೆಗೆ ನಡೆಯುತ್ತದೆ? ಸುಂಕದ ಕಚೇರಿಯ ಸಂಬಳಕ್ಕಾಗಿ ಪತ್ರ ಬರೆಯಬಹುದು, ಪಕ್ಷ ಸೇರಬಹುದು. ಸುಂಕದ ಕಚೇರಿಯ ಸಂಬಳಕ್ಕಾಗಿ ಯಾರೂ ತನ್ನದೇ ಹಳೆಯ ಸೈನಿಕರ ಬಂದೂಕಿನ ಎದುರು ಬಂದು ನಿಲ್ಲುವುದಿಲ್ಲ. ಲೆಕ್ಕದಿಂದ ಶುರುವಾದ ನಿಲುವು ನಡೆಯುತ್ತ ನಡೆಯುತ್ತ ನಿಷ್ಠೆಯಾಯಿತು ಎಂಬುದೇ ನನ್ನ ತೀರ್ಮಾನ. ನಿಲುವು ಬದಲಿಸಿದವರಲ್ಲಿ ಮೊದಲ ದಿನವೇ ಪೂರ್ಣ ಶುದ್ಧಿಯನ್ನು ಕೇಳಿದರೆ ಯಾವ ನಾಡಿನ ಚರಿತ್ರೆಯಲ್ಲೂ ಒಬ್ಬರೂ ಉಳಿಯಲಾರರು.

ಇನ್ನೊಬ್ಬ ದಕ್ಷಿಣದವನನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಜಾರ್ಜ್ ಥಾಮಸ್ ಲೀಯಂತೆಯೇ ವರ್ಜೀನಿಯಾದವನು, ಲೀಯಂತೆಯೇ ವೆಸ್ಟ್ ಪಾಯಿಂಟಿನವನು, ಗುಲಾಮರನ್ನು ಇಟ್ಟುಕೊಂಡ ಮನೆಯ ಮಗ. 1861ರಲ್ಲಿ ಆತ ಒಕ್ಕೂಟಕ್ಕೆ ಮಾಡಿದ ಪ್ರಮಾಣ ಮುರಿಯಲಿಲ್ಲ. 1863ರಲ್ಲಿ ಚಿಕಮಾಗಾದಲ್ಲಿ ಉಳಿದ ಸೈನ್ಯ ಓಡುತ್ತಿದ್ದಾಗ ಬಂಡೆಯಂತೆ ನಿಂತು ಕಾದ. 1864ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಕಾನ್ಫೆಡರಸಿಯ ಒಂದು ಇಡೀ ಸೇನೆಯನ್ನೇ ಮುರಿದ. ಸಹೋದರಿಯರು ಅವನ ಹೆಸರೆತ್ತದೆ ಬದುಕಿದರು. 1868ರ ವರದಿಯಲ್ಲಿ ಆತ ಎಚ್ಚರಿಸಿದ: ಸೋತವರು ತಮ್ಮ ಬಂಡಾಯಕ್ಕೆ ಸ್ವಾತಂತ್ರ್ಯ, ನ್ಯಾಯ, ಸಮಾನತೆ ಎಂಬ ಹೆಸರುಗಳನ್ನು ತೊಡಿಸಿ, ದೇಶದ್ರೋಹದ ಅಪರಾಧವನ್ನು ದೇಶಪ್ರೇಮದ ಬಣ್ಣದಲ್ಲಿ ಮುಚ್ಚಲು ಹೊರಟಿದ್ದಾರೆ ಎಂದು. ಮುಂದೆ ನೂರು ವರ್ಷ ನಡೆಯಲಿದ್ದ ಕೆಲಸವನ್ನು ಅದು ಆರಂಭವಾಗುವಾಗಲೇ ಗುರುತಿಸಿದ ಕಣ್ಣು ಅದು. ಆತ ತನ್ನ ಖಾಸಗಿ ಕಾಗದಗಳನ್ನು ಸುಟ್ಟುಹಾಕಿದ, ಆತ್ಮಕಥೆ ಬರೆಯಲಿಲ್ಲ, 1870ರಲ್ಲೇ ತೀರಿಹೋದ. ಕಥೆ ಹೇಳುವವರಿಲ್ಲದೆ ಮರೆಯಾದ.

ಈಗ ಚಾರ್ಲ್‌ಸ್ಟನ್ ಬಂದರಿಗೆ ಬನ್ನಿ. 1862ರ ಮೇ 12ರ ರಾತ್ರಿ. ಪ್ಲಾಂಟರ್ ಎಂಬ ಉಗಿಹಡಗು ದಂಡೆಯಲ್ಲಿ ನಿಂತಿದೆ, ಅದರ ತುಂಬ ಕೋಟೆಗಳಿಗೆ ಸಾಗಿಸಬೇಕಾದ ಫಿರಂಗಿಗಳು. ಮೂವರು ಬಿಳಿಯ ಅಧಿಕಾರಿಗಳು ನಿಯಮ ಮೀರಿ ಮನೆಗೆ ಮಲಗಲು ಹೋಗಿದ್ದಾರೆ. ಚುಕ್ಕಾಣಿ ಹಿಡಿಯುವ ಗುಲಾಮ ರಾಬರ್ಟ್ ಸ್ಮಾಲ್ಸ್, 23ರ ಹರೆಯದವನು, ನಡುರಾತ್ರಿ ಕಳೆದ ಮೇಲೆ ಜೊತೆಗಾರರೊಡನೆ ಬಾಯ್ಲರಿಗೆ ಬೆಂಕಿ ಹಾಕಿದ. ಇನ್ನೊಂದು ದಂಡೆಯಲ್ಲಿ ಅಡಗಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡ. ಒಟ್ಟು 16 ಜನ. ಕ್ಯಾಪ್ಟನ್‌ನ ಅಗಲವಾದ ಹುಲ್ಲಿನ ಟೋಪಿ ಹಾಕಿಕೊಂಡು, ಅವನು ನಿಲ್ಲುವ ಭಂಗಿಯಲ್ಲೇ ನಿಂತು, ಒಂದೊಂದು ಕೋಟೆಗೂ ಸರಿಯಾದ ಸೀಟಿಯ ಸಂಕೇತ ಕೊಡುತ್ತ ಸಮ್ಟರ್ ಕೋಟೆಯನ್ನು ಮಬ್ಬುಗತ್ತಲಲ್ಲಿ ದಾಟಿದ. ಫಿರಂಗಿಯ ವ್ಯಾಪ್ತಿ ಮೀರಿದ ಮೇಲೆ ದಕ್ಷಿಣದ ಬಾವುಟ ಇಳಿಸಿ ಬಿಳಿಯ ಹಾಸಿಗೆ ಬಟ್ಟೆ ಏರಿಸಿ ಒಕ್ಕೂಟದ ನೌಕೆಗೆ ಹಡಗನ್ನು ಒಪ್ಪಿಸಿದ. ಸಾಹಸದ ಕಥೆಯಾಗಿ ಇದು ಈಗ ಪ್ರಸಿದ್ಧ, ಸಂತೋಷ. ನನಗೆ ಬೇಸರವೆಂದರೆ ಸ್ಮಾಲ್ಸ್‌ನ ಬದುಕನ್ನೂ ಆ ಒಂದು ಬೆಳಗಿಗೆ ಕತ್ತರಿಸುತ್ತಿರುವುದು. ಯುದ್ಧ ನಡೆಯುತ್ತಿರುವಾಗಲೇ ಆತ ಬೋಫರ್ಟ್ ಊರಿನಲ್ಲಿ, ಯಾವ ಮನೆಯ ಹಿತ್ತಲಿನ ಗುಲಾಮರ ಗುಡಿಸಲಲ್ಲಿ ಹುಟ್ಟಿದ್ದನೋ ಆ ಮನೆಯನ್ನೇ ತೆರಿಗೆ ಹರಾಜಿನಲ್ಲಿ ಕೊಂಡ. 1868ರಲ್ಲಿ ದಕ್ಷಿಣ ಕೆರೊಲಿನಾದ ಹೊಸ ಸಂವಿಧಾನ ರಚಿಸಿದ ಸಭೆಯಲ್ಲಿ ಕೂತು, ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ ಬೇಕೆಂದು ವಾದಿಸಿದ. 1875ರಿಂದ 1887ರ ನಡುವೆ ಐದು ಅವಧಿಗೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಕುಳಿತ. ಲಂಚದ ಆರೋಪದಲ್ಲಿ 1877ರಲ್ಲಿ ಅವನಿಗೆ ಶಿಕ್ಷೆಯಾಯಿತು, 1879ರಲ್ಲಿ ಕ್ಷಮಾದಾನವೂ ಸಿಕ್ಕಿತು. ಹಳೆಯ ಒಡೆಯರ ಪಕ್ಷ ಅಧಿಕಾರ ಹಿಡಿದೊಡನೆ ಎದ್ದ ಆ ಮೊಕದ್ದಮೆಯಲ್ಲಿ ರಾಜಕೀಯದ ಪಾಲೇ ಹೆಚ್ಚೆಂದು ನಾನು ನಂಬುತ್ತೇನೆ. 1895ರಲ್ಲಿ ಅದೇ ರಾಜ್ಯ ಕಪ್ಪು ಜನರ ಮತ ಕಿತ್ತುಕೊಳ್ಳಲೆಂದೇ ಮತ್ತೊಂದು ಸಂವಿಧಾನ ಸಭೆ ಸೇರಿಸಿತು. ಅಲ್ಲಿದ್ದ ಕಪ್ಪು ಪ್ರತಿನಿಧಿಗಳು ಆರೇ ಮಂದಿ. ಅವರಲ್ಲಿ ಒಬ್ಬನಾಗಿ ಸ್ಮಾಲ್ಸ್ ಎದ್ದುನಿಂತು ವಿರೋಧಿಸಿದ, ಸೋತ, ಆ ಸಂವಿಧಾನಕ್ಕೆ ಸಹಿ ಹಾಕದೆ ಬಂದ. ಹಡಗು ಕದ್ದ ರಾತ್ರಿ ಅವನಿಗೆ ಗೆಲ್ಲುವ ಅವಕಾಶವಾದರೂ ಇತ್ತು. 1895ರಲ್ಲಿ ಅದೂ ಇರಲಿಲ್ಲ. ಹಾಗಾಗಿ ಎರಡನೆಯ ಸ್ಮಾಲ್ಸ್‌ನನ್ನೇ ನಾನು ದೊಡ್ಡವನೆನ್ನುತ್ತೇನೆ.

ಇಂದಿನ ಮೌಲ್ಯಗಳಿಂದ ಅಂದಿನವರನ್ನು ಅಳೆಯಬೇಡಿ ಎಂದು ಹೇಳುವವರಿದ್ದಾರೆ. ಒಳ್ಳೆಯ ಎಚ್ಚರಿಕೆಯೇ. ಆದರೆ ನಾನು ಬಳಸಿದ ಅಳತೆಗೋಲು ಇಂದಿನದಲ್ಲ. ಥಾಮಸ್, ಲಾಂಗ್‌ಸ್ಟ್ರೀಟ್, ಸ್ಮಾಲ್ಸ್ ಲೀಯ ಕಾಲದವರೇ. ಅಂದಿನವರೆಲ್ಲ ಹಾಗೆಯೇ ಯೋಚಿಸುತ್ತಿದ್ದರು ಎನ್ನುವಾಗ ಎಲ್ಲರೂ ಎಂಬಲ್ಲಿ ವೆಸ್ಲಿ ನಾರಿಸ್ ಸೇರುವುದಿಲ್ಲವೇ? 1860ರಲ್ಲಿ ದಕ್ಷಿಣ ಕೆರೊಲಿನಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರು. ಗುಲಾಮಗಿರಿಯ ಬಗ್ಗೆ ಅವರ ಅಭಿಪ್ರಾಯ ಏನಿತ್ತೆಂಬುದು ಪ್ಲಾಂಟರ್ ಹಡಗು ಹೊರಟ ರಾತ್ರಿ ಸ್ಪಷ್ಟವಾಗಿತ್ತು. ಕಾಲದ ಮೌಲ್ಯ ಎಂಬ ಹೆಸರಿನಲ್ಲಿ ಒಡೆಯರ ಮೌಲ್ಯವನ್ನಷ್ಟೇ ದಾಖಲಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ದೇಶ ಒಂದಾಗಬೇಕಾದರೆ ಹಳೆಯ ಗಾಯ ಕೆದಕಬಾರದು, ಎರಡೂ ಕಡೆಯ ವೀರರನ್ನು ಗೌರವಿಸಿದ್ದರಿಂದಲೇ ಅಮೆರಿಕ ಉಳಿಯಿತು ಎಂಬುದು ಕೊನೆಯ ಆಕ್ಷೇಪ. ಅಂತರ್ಯುದ್ಧ ಕಂಡ ಯಾವ ನಾಡಿಗೂ ಈ ಮಾತು ಹತ್ತಿರವಾದದ್ದು, ನಾನು ಇದನ್ನು ಗೌರವದಿಂದಲೇ ಎದುರಿಸುತ್ತೇನೆ. ರಾಜಿಯ ಬೆಲೆ ತೆತ್ತವರು ಯಾರು ಎಂದಷ್ಟೇ ನನ್ನ ಪ್ರಶ್ನೆ. 1877ರಲ್ಲಿ ದಕ್ಷಿಣದ ಸರ್ಕಾರಗಳಿಗೆ ಕಾವಲಾಗಿದ್ದ ಒಕ್ಕೂಟದ ಸೈನ್ಯ ಬ್ಯಾರಕ್ಕಿಗೆ ಮರಳಿತು. 1890ರಲ್ಲಿ ರಿಚ್ಮಂಡ್ ನಗರದಲ್ಲಿ ಲೀಯ ಕುದುರೆ ಏರಿದ ಪ್ರತಿಮೆ ನಿಂತಿತು. ಅದೇ ವರ್ಷ ಮಿಸಿಸಿಪ್ಪಿ ತನ್ನ ಹೊಸ ಸಂವಿಧಾನದಿಂದ ಕಪ್ಪು ಮತದಾರರನ್ನು ಹೊರಹಾಕಿತು. 1891ರಲ್ಲಿ ನ್ಯೂ ಆರ್ಲಿಯನ್ಸ್ ನಗರ ಕೆನಾಲ್ ಸ್ಟ್ರೀಟಿನಲ್ಲಿ ಕಲ್ಲಿನ ಸ್ತಂಭ ನೆಟ್ಟಿತು, ಲಾಂಗ್‌ಸ್ಟ್ರೀಟನನ್ನು ಸೆರೆಹಿಡಿದ ವೈಟ್ ಲೀಗಿನ ನೆನಪಿಗೆ. 1932ರಲ್ಲಿ ಅದರ ಮೇಲೆ ಬಿಳಿಯರ ಪರಮಾಧಿಕಾರ ಎಂಬ ಪದವನ್ನೇ ಕೊರೆಸಿದರು. 1913ರಲ್ಲಿ ಗೆಟಿಸ್‌ಬರ್ಗ್‌ನ ಐವತ್ತನೆಯ ವರ್ಷಕ್ಕೆ 50 ಸಾವಿರಕ್ಕೂ ಮಿಕ್ಕಿದ ಮುದಿ ಸೈನಿಕರು ಕೂಡಿ ಕೈಕುಲುಕಿದರು, ಅಧ್ಯಕ್ಷ ವಿಲ್ಸನ್ ಭಾಷಣ ಮಾಡಿದ. ಅವನದೇ ಆಡಳಿತ ಅದೇ ವರ್ಷ ಒಕ್ಕೂಟದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸತೊಡಗಿತು. ಬಿಳಿಯ ಅಣ್ಣತಮ್ಮಂದಿರು ಒಂದಾದರು ನಿಜ. ಕಪ್ಪು ಜನರ ಮತದ ಹಕ್ಕು 1965ರವರೆಗೆ ದಕ್ಷಿಣದಲ್ಲಿ ಕಾಗದದ ಮೇಲಷ್ಟೇ ಉಳಿಯಿತು. ಇದನ್ನು ನಾಡಿನ ಐಕ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟು ದೂರದ ವಿಷಯ ನಮಗೇಕೆ ಎಂದು ಕೇಳುವವರಿಗೆ ಎರಡು ಮಾತು. ಆ ಯುದ್ಧ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಲ್ಯಾಂಕಶೈರಿನ ಗಿರಣಿಗಳು ನಮ್ಮ ಧಾರವಾಡ ಸೀಮೆಯ ಹತ್ತಿಗೆ ಮುಗಿಬಿದ್ದವು. ನ್ಯೂ ಆರ್ಲಿಯನ್ಸ್ ತಳಿಯ ಬೀಜದಿಂದ ಇಲ್ಲಿ ಬೆಳೆದ ಹತ್ತಿ ಕುಮಟಾ ಬಂದರಿನ ದಾರಿ ಹಿಡಿಯಿತು, ಬೆಲೆ ಏರಿತು, 1865ರಲ್ಲಿ ಶಾಂತಿಯಾದೊಡನೆ ಬಿತ್ತು. ಹತ್ತಿಯ ಪೇಟೆಗೆ ಯುದ್ಧ ಅಲ್ಲಿಗೆ ಮುಗಿದಿತ್ತು. ಜೋತಿಬಾ ಫುಲೆಯವರಿಗೆ ಮುಗಿದಿರಲಿಲ್ಲ. ಅವರು 1873ರಲ್ಲಿ ತಮ್ಮ ಗುಲಾಮಗಿರಿ ಪುಸ್ತಕವನ್ನು ಕಪ್ಪು ಜನರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಆ ವರ್ಷ ದಕ್ಷಿಣ ಕೆರೊಲಿನಾದ ಶಾಸನಸಭೆಯಲ್ಲಿ ಸ್ಮಾಲ್ಸ್ ಇನ್ನೂ ಕುಳಿತಿದ್ದ, ಕೆನಾಲ್ ಸ್ಟ್ರೀಟಿನ ಕಾಳಗಕ್ಕೆ ಒಂದು ವರ್ಷ ಬಾಕಿ ಇತ್ತು. ನಮ್ಮ ಕಾಲೇಜುಗಳಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡುವ ಅಧ್ಯಾಪಕ ಮಿತ್ರರಲ್ಲಿ, ಕನ್ನಡಕ್ಕೆ ಜೀವನಚರಿತ್ರೆಗಳನ್ನು ತರುವ ಲೇಖಕರಲ್ಲಿ ನನ್ನದೊಂದು ಕೋರಿಕೆ. ಲೀಯ ಬಗ್ಗೆ ಹೇಳುವ ದಿನ ನಾರಿಸ್‌ನ ಹೇಳಿಕೆಯನ್ನೂ ಓದಿಸಿ. ಅಂತರ್ಯುದ್ಧದ ಪಾಠವನ್ನು ಅಪೊಮ್ಯಾಟಾಕ್ಸ್‌ನ ಪಡಸಾಲೆಯಲ್ಲಿ ನಿಲ್ಲಿಸದೆ, 1895ರಲ್ಲಿ ಸ್ಮಾಲ್ಸ್ ಸಹಿ ಹಾಕದೆ ಹೊರಬಂದ ಆ ಸಭಾಭವನದವರೆಗೆ ಕೊಂಡೊಯ್ಯಿರಿ.